ಅಂಗಡಿಗೆ ಬಾರದ ಶೂ, ಪುಸ್ತಕಕ್ಕೆ ಸೇರಿದ ದಾಖಲೆ

ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಮಾನ್ಯ ಸೆಬಾಸ್ಟಿಯನ್ ಕೋ ಅವರೇ,

1981ರಲ್ಲಿ ಫ್ಲಾರೆನ್ಸ್‌ನಲ್ಲಿ ನೀವು 800 ಮೀಟರ್ ಓಟವನ್ನು 1 ನಿಮಿಷ 41.73 ಸೆಕೆಂಡಿನಲ್ಲಿ ಮುಗಿಸಿದಿರಿ. ಆ ದಾಖಲೆ 16 ವರ್ಷ ಅಲುಗಾಡಲಿಲ್ಲ. ಅದು ನಿಮ್ಮ ಕಾಲಿನ ದಾಖಲೆಯೋ ಶೂವಿನ ದಾಖಲೆಯೋ ಎಂಬ ಪ್ರಶ್ನೆ ಓಟದ ಅಭಿಮಾನಿಗಳನ್ನು ಎಂದೂ ಕಾಡಲಿಲ್ಲ. ಇಂದು ದೂರದ ಓಟದಲ್ಲಿ ಯಾವ ದೊಡ್ಡ ದಾಖಲೆ ಬಂದರೂ ಮೊದಲು ಏಳುವುದು ಅದೇ ಪ್ರಶ್ನೆ. ಅದಕ್ಕೆ ಉತ್ತರ ಹೇಳಬೇಕಾದವರು ನೀವು. ಹಾಗಾಗಿ ಈ ಪತ್ರ.

2023ರ ಅಕ್ಟೋಬರ್ 8ರಂದು ಷಿಕಾಗೊದಲ್ಲಿ ಕೀನ್ಯಾದ ಕೆಲ್ವಿನ್ ಕಿಪ್ಟಮ್ 2 ಗಂಟೆ 35 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದರು. ಅವರ ಕಾಲಲ್ಲಿದ್ದದ್ದು ನೈಕಿ ಕಂಪನಿಯ ‘ಡೆವ್ 163’ ಎಂಬ ಪ್ರಾಯೋಗಿಕ ಶೂ. ಅಂದು ಅದು ಯಾವ ಅಂಗಡಿಯಲ್ಲೂ ಇರಲಿಲ್ಲ. ಆಲ್ಫಾಫ್ಲೈ 3 ಎಂಬ ಹೆಸರಿನಲ್ಲಿ ಅದು ಮಾರಾಟಕ್ಕೆ ಬಂದದ್ದು ಮರುವರ್ಷದ ಜನವರಿಯಲ್ಲಿ. ಫೆಬ್ರುವರಿ ಮೊದಲ ವಾರದಲ್ಲಿ ನಿಮ್ಮ ಸಂಸ್ಥೆ ಆ ದಾಖಲೆಗೆ ಅಧಿಕೃತ ಮುದ್ರೆ ಒತ್ತಿತು. ಅದೇ ವಾರ ಕಿಪ್ಟಮ್ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 24 ವರ್ಷ. ಅವರ ಓಟದ ಬಗ್ಗೆ ನನಗೆ ಗೌರವವಲ್ಲದೆ ಬೇರೇನಿಲ್ಲ, ಅವರು ಯಾವ ನಿಯಮವನ್ನೂ ಮುರಿಯಲಿಲ್ಲ. ನನ್ನ ತಕರಾರಿರುವುದು ಅದಕ್ಕೆ ಎಡೆಮಾಡಿಕೊಟ್ಟ ನಿಯಮದ ಬಗ್ಗೆ.

2020ರ ಜನವರಿ 31ರಂದು ನಿಮ್ಮ ಸಂಸ್ಥೆ ಶೂಗಳಿಗೆ ಮಿತಿ ಹಾಕಿದಾಗ ನಮ್ಮಂಥವರು ನಿಟ್ಟುಸಿರು ಬಿಟ್ಟಿದ್ದೆವು. ಅಟ್ಟೆಯ ದಪ್ಪ 40 ಮಿಲಿಮೀಟರ್ ಮೀರಬಾರದು, ಒಳಗೆ ಒಂದಕ್ಕಿಂತ ಹೆಚ್ಚು ಗಡಸು ಪ್ಲೇಟ್ ಇರಬಾರದು, ಸ್ಪರ್ಧೆಗೆ ತರುವ ಮೊದಲು ಶೂ ನಾಲ್ಕು ತಿಂಗಳು ಮಾರುಕಟ್ಟೆಯಲ್ಲಿ ಇರಬೇಕು ಎಂದಿರಿ. ಆ ಮೂರನೆಯ ಮಾತೇ ಎಲ್ಲಕ್ಕಿಂತ ಮುಖ್ಯವಾದದ್ದು ಎಂದು ನಾನು ನಂಬಿದ್ದೆ. ಆಮೇಲೆ ನೀವೇ ‘ಅಭಿವೃದ್ಧಿ ಹಂತದ ಶೂ’ ಎಂಬ ಹೊಸ ಬಾಗಿಲು ತೆರೆದಿರಿ. ಅನುಮತಿ ಪಡೆದ ಪ್ರಾಯೋಗಿಕ ಶೂವನ್ನು ಹನ್ನೆರಡು ತಿಂಗಳವರೆಗೆ ಸ್ಪರ್ಧೆಯಲ್ಲಿ ಬಳಸಬಹುದು, ಆದರೆ ಒಲಿಂಪಿಕ್ಸ್‌ನಲ್ಲಿ, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕೂಡದು. ಪದಕಕ್ಕೆ ನ್ಯಾಯವಲ್ಲದ್ದು ವಿಶ್ವದಾಖಲೆಗೆ ಹೇಗೆ ನ್ಯಾಯವಾಗುತ್ತದೆ? ಮ್ಯಾರಥಾನ್ ದಾಖಲೆಗಳು ಹುಟ್ಟುವುದೇ ಬರ್ಲಿನ್, ಷಿಕಾಗೊ, ಲಂಡನ್‌ಗಳಂಥ ನಗರಗಳ ಬೀದಿಗಳಲ್ಲಿ. ಆ ಬಾಗಿಲು ತೆರೆದಿರುವುದೂ ಅಲ್ಲಿಗೇ.

ಈ ಬಾಗಿಲು ತೆರೆಯುವ ಮೊದಲೇ ಇಂಥ ಶೂಗಳಿಂದ ಏನಾಗಿತ್ತು ಎಂಬುದು ನಿಮಗೆ ಚೆನ್ನಾಗಿ ಗೊತ್ತು. 2016ರ ರಿಯೊ ಒಲಿಂಪಿಕ್ಸ್‌ನ ಪುರುಷರ ಮ್ಯಾರಥಾನ್‌ನಲ್ಲಿ ಪದಕ ಗೆದ್ದ ಕಿಪ್ಚೊಗೆ, ಲಿಲೆಸ, ರಪ್ ಮೂವರೂ ಇನ್ನೂ ಮಾರಾಟಕ್ಕೆ ಬಾರದ ನೈಕಿ ಶೂಗಳನ್ನೇ ತೊಟ್ಟಿದ್ದರು. ಮರುವರ್ಷ ಅದೇ ಶೂ ವೇಪರ್‌ಫ್ಲೈ 4% ಎಂಬ ಹೆಸರಿನಲ್ಲಿ ಹೊರಬಂತು. ಆ ಶೇ 4 ಎಂಬುದು ಕೊಲರಾಡೊ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಕಂಪನಿಯದೇ ಹಣದಲ್ಲಿ ಅಳೆದ ಶಕ್ತಿಯ ಉಳಿತಾಯ. 2016ರಲ್ಲೇ ನಡೆದ ಅಮೆರಿಕದ ಒಲಿಂಪಿಕ್ಸ್ ಆಯ್ಕೆ ಓಟದಲ್ಲೂ ಇಂಥ ಶೂ ತೊಟ್ಟವರಿದ್ದರು. ಅಲ್ಲಿ ನಾಲ್ಕನೆಯವರಾಗಿ ತಂಡದಿಂದ ಹೊರಗುಳಿದ ಕಾರಾ ಗೌಚರ್ ಬೇರೆ ಕಂಪನಿಯ ಸಾಧಾರಣ ಶೂನಲ್ಲಿ ಓಡಿದ್ದರು. ಪಕ್ಕದಲ್ಲಿ ಓಡುತ್ತಿರುವವರ ಕಾಲಲ್ಲಿ ಏನಿದೆ ಎಂಬುದೇ ಅಂದು ಹೊರಜಗತ್ತಿಗೆ ತಿಳಿದಿರಲಿಲ್ಲ. ಗೌಚರ್ ಪಾಲಿಗೆ ಆ ಓಟ ಮರಳಿ ಬರುವುದಿಲ್ಲ.

ತಂತ್ರಜ್ಞಾನವೇ ಬೇಡ ಎನ್ನುವವನು ನಾನಲ್ಲ. 1960ರಲ್ಲಿ ಬರಿಗಾಲಲ್ಲಿ ರೋಮ್ ಗೆದ್ದ ಅಬೆಬೆ ಬಿಕಿಲ, ಬರಿಗಾಲ ಓಟಕ್ಕೇ ಹೆಸರಾದ, 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದ ನಮ್ಮ ಶಿವನಾಥ್ ಸಿಂಗ್ ನನ್ನ ಪಾಲಿಗೆ ಪೂಜ್ಯರು. ಹಾಗೆಂದು ಎಲ್ಲರೂ ಬರಿಗಾಲಲ್ಲಿ ಓಡಲಿ ಎನ್ನಲಾರೆ. ಕೆಮ್ಮಣ್ಣಿನ ಟ್ರ್ಯಾಕ್ ಹೋಗಿ ಸಿಂಥೆಟಿಕ್ ಟ್ರ್ಯಾಕ್ ಬಂದಾಗಲೂ ವೇಗ ಹೆಚ್ಚಿತು. ಆದರೆ ಆ ಟ್ರ್ಯಾಕ್ ಎಂಟು ಲೇನ್‌ಗಳಿಗೂ ಒಂದೇ ಆಗಿತ್ತು. ಶೂ ಹಾಗಲ್ಲ.

ಈ ಶೂಗಳು ಎಲ್ಲರಿಗೂ ಒಂದೇ ಲಾಭ ಕೊಡುವುದೂ ಇಲ್ಲ. ಹಗುರವಾದ ಫೋಮ್ ಕಾಲೂರಿದಾಗ ಕುಗ್ಗಿ, ಎತ್ತುವಾಗ ಹೆಚ್ಚಿನ ಪಾಲು ಶಕ್ತಿಯನ್ನು ಹಿಂದಿರುಗಿಸುತ್ತದೆ. ನಡುವಿನ ಕಾರ್ಬನ್ ಪ್ಲೇಟ್ ಅದಕ್ಕೆ ಬಿಗಿ ಕೊಡುತ್ತದೆ. ಅದು ಯಾರ ಹೆಜ್ಜೆಗೆ ಎಷ್ಟು ಹೊಂದುತ್ತದೆ ಎಂಬುದು ಓಡಿ ನೋಡಿದಾಗಲೇ ತಿಳಿಯುವುದು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೀನ್ಯಾದ ವಿಶ್ವದರ್ಜೆಯ ಓಟಗಾರರನ್ನು ಪರೀಕ್ಷಿಸಿತು. ಮಾಮೂಲಿ ತೆಳು ಶೂಗೆ ಹೋಲಿಸಿದರೆ ಕೆಲವರಿಗೆ ಶೇ 11ರಷ್ಟು ಲಾಭ ಸಿಕ್ಕರೆ ಕೆಲವರಿಗೆ ಹೆಚ್ಚುಕಡಿಮೆ ಅಷ್ಟೇ ನಷ್ಟವಾಗಿತ್ತು. ಅಂದರೆ ತನ್ನ ಕಾಲಿಗೆ ಹೊಂದುವ ಶೂವನ್ನು ತಾನೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಓಟಗಾರ್ತಿಗೆ ಇರಲೇಬೇಕು. ಅದೇ ಅವಳಿಗಿಲ್ಲ. ಓಟವನ್ನೇ ನೆಚ್ಚಿದವರ ಮನೆ ನಡೆಯುವುದು ಬಹುಪಾಲು ಶೂ ಕಂಪನಿಯ ಒಪ್ಪಂದದ ಹಣದಿಂದ, ಮತ್ತು ಹಣ ಕೊಟ್ಟ ಕಂಪನಿಯ ಶೂವನ್ನೇ ಅವರು ತೊಡಬೇಕು. ಪ್ರಾಯೋಜಕರೇ ಇಲ್ಲದ ಓಟಗಾರರಿಗೆ ಶೂ ಒದಗಿಸುವ ಯೋಜನೆಯನ್ನು ನೀವು 2020ರಲ್ಲಿ ರೂಪಿಸಿದಿರಿ, ಒಳ್ಳೆಯದೇ. ಒಪ್ಪಂದದ ಹಗ್ಗ ಕಟ್ಟಿಸಿಕೊಂಡವರಿಗೆ ಅದರಿಂದ ಏನೂ ಬಿಡುಗಡೆ ಸಿಗಲಿಲ್ಲ.

ಇನ್ನು ಪ್ರಾಯೋಜಕತ್ವದ ಮಾತು. ಷಿಕಾಗೊ ಮ್ಯಾರಥಾನ್‌ನ ಶೂ ಪ್ರಾಯೋಜಕರು ನೈಕಿ. ಕಿಪ್ಟಮ್ ಅವರ ಶೂ ನೈಕಿಯದು. ಬರ್ಲಿನ್ ಮ್ಯಾರಥಾನ್‌ಗೆ ಅಡಿಡಾಸ್; 2023ರಲ್ಲಿ ಅಲ್ಲಿ 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಓಡಿ ಮಹಿಳೆಯರ ವಿಶ್ವದಾಖಲೆ ಬರೆದ ಇಥಿಯೋಪಿಯಾದ ಟಿಗ್ಸ್ಟ್ ಅಸೆಫಾ ಅವರ 138 ಗ್ರಾಂ ತೂಕದ, 500 ಡಾಲರ್ ಬೆಲೆಯ, ಹೆಚ್ಚೆಂದರೆ ಒಂದು ಮ್ಯಾರಥಾನ್‌ಗೆ ಬಾಳುವ ಶೂ ಅಡಿಡಾಸ್‌ನದು. ಶೂಗಳಿಗೆ ಅನುಮತಿ ಕೊಡುವ ನಿಮ್ಮ ಸಂಸ್ಥೆಯ ಪಾಲುದಾರರು ಏಸಿಕ್ಸ್. ಇದರಲ್ಲಿ ಯಾರೋ ತಪ್ಪು ಮಾಡಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಓಟಗಾರರಿಗೆ ಹಣ, ಓಟಕ್ಕೆ ಹಣ, ನಿಯಮ ಬರೆಯುವವರಿಗೂ ಹಣ ಒಂದೇ ಉದ್ಯಮದಿಂದ ಬರುತ್ತಿರುವಾಗ, ಆ ನಿಯಮದ ಸಡಿಲಿಕೆ ಆ ಉದ್ಯಮಕ್ಕೇ ಅನುಕೂಲವಾದರೆ ಜನ ಏನೆಂದುಕೊಳ್ಳಬೇಕು? ನೀವು ಅಧ್ಯಕ್ಷರಾದ 2015ರಲ್ಲಿ ಟೀಕೆ ಬಂದಾಗ ನೈಕಿಯ ಸಂಭಾವನೆಯ ರಾಯಭಾರಿ ಹುದ್ದೆಯನ್ನು ಬಿಟ್ಟುಕೊಟ್ಟಿರಿ. ಅಂದು ನಿಮಗೆ ಒಪ್ಪಿಗೆಯಾದ ತತ್ವವನ್ನೇ ಈಗ ಸಂಸ್ಥೆಗೂ ಅನ್ವಯಿಸಿ ಎಂದು ಕೇಳುತ್ತಿದ್ದೇನೆ.

ನಿಯಮ ಬಿಗಿಯಾದಾಗಲೂ ಪೆಟ್ಟು ತಿನ್ನುವವರು ಓಟಗಾರರೇ. 2021ರ ವಿಯೆನ್ನಾ ಮ್ಯಾರಥಾನ್‌ನಲ್ಲಿ ಮೊದಲು ಗುರಿ ಮುಟ್ಟಿದ ಇಥಿಯೋಪಿಯಾದ ಡೆರಾರ ಹುರಿಸ ಅವರ ಅಟ್ಟೆ ಮಿತಿಗಿಂತ ಒಂದು ಸೆಂಟಿಮೀಟರ್ ದಪ್ಪವಿತ್ತು. ಅವರನ್ನು ಅನರ್ಹಗೊಳಿಸಲಾಯಿತು. ಆ ಶೂ ಮಾತ್ರ ಅಂಗಡಿಗಳಲ್ಲಿ ಮಾರಾಟವಾಗುತ್ತಲೇ ಇತ್ತು.

ಈ ವಿಷಯ ನಮ್ಮೂರಿಗೆ ದೂರದ್ದಲ್ಲ. ಬೆಂಗಳೂರಿನ ವರ್ಲ್ಡ್ 10ಕೆ ನಿಮ್ಮದೇ ಸಂಸ್ಥೆಯ ಗೋಲ್ಡ್ ಲೇಬಲ್ ಪಡೆದ ಓಟ. ಅದನ್ನು ನೋಡಿ ಬೆಳೆಯುವ ಮಕ್ಕಳು ಮೂಡುಬಿದಿರೆಯಲ್ಲಿ, ಧಾರವಾಡದಲ್ಲಿ, ಕ್ರೀಡಾ ಹಾಸ್ಟೆಲ್‌ಗಳಲ್ಲಿ ಇದ್ದಾರೆ. ಇಪ್ಪತ್ತು ಸಾವಿರ ರೂಪಾಯಿ ದಾಟಿದ ಶೂ ಕೊಡಿಸುವುದು ಅವರ ಮನೆಯವರ ಕೈಲಾಗುವ ಮಾತಲ್ಲ. ಹಣ ಹೇಗೋ ಕೂಡಿಸಿದರೂ ಪ್ರಾಯೋಗಿಕ ಶೂ ಅವರಿಗೆ ಸಿಗುವುದೇ ಇಲ್ಲ.

ಈಜಿನಲ್ಲೂ ಇಂಥದೇ ಪ್ರಶ್ನೆ ಎದ್ದಿತ್ತು. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 43 ವಿಶ್ವದಾಖಲೆಗಳು ಬಂದವು. 2010ರ ಆರಂಭದಿಂದಲೇ, ಅದಕ್ಕೆ ನೆರವಾದ ಪಾಲಿಯುರೆಥೇನ್ ಉಡುಪುಗಳನ್ನು ಈಜು ಸಂಸ್ಥೆ ನಿಷೇಧಿಸಿತು. ಅಷ್ಟು ದೂರ ಹೋಗಿ ಎಂದೂ ನಾನು ಕೇಳುವುದಿಲ್ಲ.

ಕೇಳುವುದು ಇಷ್ಟು. ಅಂಗಡಿಗೆ ಬಾರದ ಶೂನಲ್ಲಿ ಓಡಿದ ಸಮಯವನ್ನು ವಿಶ್ವದಾಖಲೆಯೆಂದು ಮಾನ್ಯ ಮಾಡಬೇಡಿ. ಪ್ರಯೋಗ ನಡೆಯಲಿ, ಓಟವೂ ನಡೆಯಲಿ, ಬಹುಮಾನವೂ ಸಿಗಲಿ, ದಾಖಲೆ ಪುಸ್ತಕ ಮಾತ್ರ ಎಲ್ಲರಿಗೂ ಸಿಗುವ ಶೂಗೆ ಕಾಯಲಿ. ನಿಮ್ಮ ಲೇಬಲ್ ಪಡೆದ ಪ್ರತಿ ಓಟದ ಅಧಿಕೃತ ಫಲಿತಾಂಶದಲ್ಲಿ ಮೊದಲ ಹತ್ತು ಸ್ಥಾನ ಪಡೆದವರ ಶೂ ಯಾವುದು, ಆ ಕಂಪನಿಗೂ ಓಟದ ಸಂಘಟಕರಿಗೂ ಸಂಬಂಧವೇನು ಎಂಬುದನ್ನು ಅಚ್ಚುಹಾಕಿಸಿ. ಕಾಲಿಗೆ ಹೊಂದದ ಶೂವನ್ನು ವಿಶ್ವ ಚಾಂಪಿಯನ್‌ಷಿಪ್ ದಿನದಂದು ನಿರಾಕರಿಸುವ ಹಕ್ಕನ್ನು, ಒಪ್ಪಂದ ಏನೇ ಇರಲಿ, ಓಟಗಾರರಿಗೆ ನಿಯಮದಲ್ಲೇ ಬರೆದುಕೊಡಿ.

ಪ್ಯಾರಿಸ್ ಒಲಿಂಪಿಕ್ಸ್‌ನ ಅಥ್ಲೆಟಿಕ್ಸ್‌ನಲ್ಲಿ ಚಿನ್ನ ಗೆದ್ದವರಿಗೆ 50,000 ಡಾಲರ್ ಕೊಡುವ ನಿರ್ಧಾರವನ್ನು, ಬೇರೆ ಕ್ರೀಡಾ ಸಂಸ್ಥೆಗಳು ಮುನಿಸಿಕೊಂಡರೂ, ನೀವು ಬದಲಿಸಲಿಲ್ಲ. ಅದೇ ಗಟ್ಟಿತನ ಇಲ್ಲೂ ಬೇಕು. ನಿಮ್ಮ ಮೂರನೆಯ ಮತ್ತು ಕೊನೆಯ ಅಧಿಕಾರಾವಧಿ 2027ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಈ ಮೂರು ತಿದ್ದುಪಡಿಗಳನ್ನು ನಿಮ್ಮ ಕೌನ್ಸಿಲ್ ಮುಂದೆ ಇಟ್ಟು, ಯಾರು ಏನೆಂದರು ಎಂಬುದನ್ನು ಬಹಿರಂಗಪಡಿಸಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಓಟದ ಅಭಿಮಾನಿ