ಗೋಪುರ ಬೇಡ, ಮಂಟಪ ಕಟ್ಟಿ

ತಿರುಪತಿಯ ಹೊಸ ರೈಲು ನಿಲ್ದಾಣ ಹೊರಗಿನಿಂದ ಹೇಗೆ ಕಾಣಬೇಕು ಎಂಬ ವಿಷಯಕ್ಕೆ ನಾವು ಬೇಕಾದಷ್ಟು ಜಗಳವಾಡಿದ್ದಾಯಿತು. 2022ರಲ್ಲಿ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ಅದರ ನಕ್ಷೆಯ ಚಿತ್ರಗಳನ್ನು ಹಂಚಿಕೊಂಡಾಗ ಜಾಲತಾಣಗಳಲ್ಲಿ ಆಕ್ಷೇಪಗಳ ಸುರಿಮಳೆಯಾಯಿತು. ಇದು ಐಟಿ ಪಾರ್ಕಿನ ಹಾಗಿದೆ, ಬರೀ ಗಾಜು ಮತ್ತು ಉಕ್ಕು, ಏಳುಬೆಟ್ಟದೊಡೆಯನ ಊರಿನ ಗುರುತು ಎಲ್ಲಿ ಎಂದು ಜನ ಕೇಳಿದರು. ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಬೆಳಗಿನ ಜಾವ ನಾಲ್ಕು ಗಂಟೆಗೆ ರೈಲಿಳಿಯುವ ಹೆಂಗಸು ಎಲ್ಲಿ ಕೂರುತ್ತಾಳೆ, ಎಲ್ಲಿ ಸ್ನಾನ ಮಾಡುತ್ತಾಳೆ, ಗಂಟುಮೂಟೆ ಎಲ್ಲಿಡುತ್ತಾಳೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸಲೇ ಇಲ್ಲ. ಸುಮಾರು 300 ಕೋಟಿ ರೂಪಾಯಿಯ ಕೆಲಸ ಇದು. ಮೊದಲು ಕೇಳಬೇಕಾದದ್ದು ಆ ಪ್ರಶ್ನೆಯನ್ನೇ.

ಈ ನಿಲ್ದಾಣದ ಇತಿಹಾಸ ನೋಡಿದರೂ ಅದೇ ಹೊಳೆಯುತ್ತದೆ. ಮದ್ರಾಸಿನಿಂದ ರಾಯಚೂರಿನವರೆಗಿನ ರೈಲು ಮಾರ್ಗ 1871ರಲ್ಲಿ ಪೂರ್ತಿಯಾಯಿತು. ಅದು ಹಾದುಹೋದದ್ದು ಇಲ್ಲಿಂದ ಹತ್ತು ಕಿಲೋಮೀಟರ್ ದೂರದ ರೇಣಿಗುಂಟದ ಮೇಲೆ. ತಿರುಪತಿ ಊರೊಳಗೆ ಹಳಿ ಬಂದದ್ದು 1891ರಲ್ಲಿ, ಸೌತ್ ಇಂಡಿಯನ್ ರೈಲ್ವೆಯ ಮೀಟರ್ ಗೇಜ್ ರೂಪದಲ್ಲಿ. ಬೆಟ್ಟಕ್ಕೆ ಮೊದಲ ಘಾಟ್ ರಸ್ತೆ ತೆರೆದದ್ದು 1944ರಲ್ಲಿ. ಅಲ್ಲಿಯವರೆಗೆ ಬೆಟ್ಟದ ಬುಡದ ಅಲಿಪಿರಿಯಿಂದ ಮೇಲಕ್ಕೆ ಕಾಲ್ನಡಿಗೆ, ಇಲ್ಲವೇ ಡೋಲಿ. ರೈಲಿಳಿದವರು ಊರಲ್ಲೇ ತಂಗಿ, ಗೋವಿಂದರಾಜ ಸ್ವಾಮಿಗೆ ಕೈಮುಗಿದು, ಆಮೇಲೆ ಬೆಟ್ಟ ಹತ್ತುತ್ತಿದ್ದರು. ನಿಲ್ದಾಣ, ಛತ್ರ, ದೇವಸ್ಥಾನ ಮೂರೂ ನಡೆದು ಮುಟ್ಟುವಷ್ಟು ಹತ್ತಿರ ಬೆಳೆದದ್ದು ಹೀಗೆ. ಇವತ್ತಿಗೂ ನಿಲ್ದಾಣದ ಎದುರಿಗೇ ತಿರುಮಲ ತಿರುಪತಿ ದೇವಸ್ಥಾನದ (ಟಿಟಿಡಿ) ಯಾತ್ರಿಕರ ವಸತಿಗೃಹ ವಿಷ್ಣು ನಿವಾಸವಿದೆ. ನನ್ನ ಮಟ್ಟಿಗೆ ತಿರುಪತಿ ನಿಲ್ದಾಣದ ಪರಂಪರೆ ಎಂದರೆ ಈ ಹತ್ತಿರವೇ. ಕಾರುಗಳು ಬಂದು ನಿಲ್ಲುವ ಪಥಗಳನ್ನು ಎಷ್ಟಾದರೂ ಮಾಡಲಿ, ಬರಿಗಾಲಲ್ಲಿ ರಸ್ತೆ ದಾಟುವವರ ದಾರಿ ಮಾತ್ರ ತುಂಡಾಗಬಾರದು.

ಆ ಬರಿಗಾಲಿನವರಲ್ಲಿ ನಮ್ಮವರು ಎಷ್ಟೊಂದು ಮಂದಿ! ಕೊಲ್ಹಾಪುರದಿಂದ ಹೊರಡುವ ಹರಿಪ್ರಿಯಾ ಎಕ್ಸ್‌ಪ್ರೆಸ್ ಬೆಳಗಾವಿ, ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿಯ ಜನರನ್ನು ತುಂಬಿಕೊಂಡು ಬರುತ್ತದೆ. ಚಾಮರಾಜನಗರದ ರೈಲು ಮೈಸೂರು, ಬೆಂಗಳೂರು ಹಾದು ಕಾಟ್ಪಾಡಿ ಸುತ್ತಿ ಬರುತ್ತದೆ. ಈ ರೈಲುಗಳಿಂದ ಇಳಿಯುವವರನ್ನು ಒಮ್ಮೆ ನಿಂತು ನೋಡಿ. ಒಬ್ಬೊಬ್ಬರೇ ಬರುವುದು ಕಡಿಮೆ, ಓಣಿಗೆ ಓಣಿಯೇ ಬಂದಿರುತ್ತದೆ. ಮುಂದೆ ಒಬ್ಬ ಹಿರಿಯ, ಕೊನೆಗೆ ಮಕ್ಕಳನ್ನು ಎಣಿಸಿಕೊಳ್ಳುವ ಅಜ್ಜಿ, ನಡುವೆ ತಲೆಯ ಮೇಲೆ ಗಂಟು ಹೊತ್ತ ಸೊಸೆಯಂದಿರು. ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಹೊದಿಕೆ, ಒಂದು ಜೊತೆ ಒಣ ಬಟ್ಟೆ. ಮೇಲ್ಸೇತುವೆಯ ಮೆಟ್ಟಿಲ ಬುಡಕ್ಕೆ ಬಂದಾಗ ಇಡೀ ಗುಂಪು ಗಕ್ಕನೆ ನಿಲ್ಲುತ್ತದೆ. ಅಜ್ಜಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಾಳೆ. ಅದೇ ಮೆಟ್ಟಿಲಲ್ಲಿ ಮೇಲಿನಿಂದ ಇನ್ನೊಂದು ಗುಂಪು ಇಳಿಯುತ್ತಿರುತ್ತದೆ: ಬೋಳು ತಲೆಗೆ ಗಂಧ, ಕೈಯಲ್ಲಿ ಲಡ್ಡಿನ ಚೀಲ, ಕಣ್ಣ ತುಂಬ ನಿದ್ದೆ. ಎರಡು ಗುಂಪು ಎದುರುಬದುರಾದ ಆ ಜಾಗದಲ್ಲಿ ಒಂದು ಗಂಟು ಜಾರಿಬಿದ್ದರೆ ಏನಾದೀತು?

ಏನಾಗುತ್ತದೆಂದು ದೇಶ ಈಗಾಗಲೇ ಕಂಡಿದೆ. 2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ನಿಲ್ದಾಣದಲ್ಲಿ, ಕುಂಭಮೇಳದ ದಟ್ಟಣೆಯ ನಡುವೆ, ಮೇಲ್ಸೇತುವೆಯ ಮೆಟ್ಟಿಲ ಮೇಲೆ 18 ಜನ ಸತ್ತರು. ಒಬ್ಬ ಪ್ರಯಾಣಿಕರ ತಲೆಹೊರೆ ಬಿದ್ದು, ಜನ ಎಡವಿ ಒಬ್ಬರ ಮೇಲೊಬ್ಬರು ಉರುಳಿದರು ಎಂದು ಸಚಿವರೇ ಸಂಸತ್ತಿಗೆ ತಿಳಿಸಿದರು. ಅದಕ್ಕೆ ಒಂದು ತಿಂಗಳು ಮೊದಲು, ಜನವರಿ 8ರಂದು, ತಿರುಪತಿಯಲ್ಲೇ ವೈಕುಂಠ ದ್ವಾರ ದರ್ಶನದ ಟೋಕನ್‌ಗೆ ಕಾದಿದ್ದವರ ನೂಕುನುಗ್ಗಲಿನಲ್ಲಿ ಆರು ಜನ ತೀರಿಕೊಂಡರು. ಒಂದು ರೈಲು ನಿಲ್ದಾಣ, ಇನ್ನೊಂದು ಟೋಕನ್ ಕೇಂದ್ರ. ಆದರೆ ಎರಡೂ ಕಡೆ ಕಾಯಲು ನೆಮ್ಮದಿಯ ಜಾಗವಿಲ್ಲದೆ ಜನ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರು.

ಹೊಸ ನಕ್ಷೆಯಲ್ಲಿ ಇದಕ್ಕೆ ಉತ್ತರ ಇಲ್ಲವೆಂದಲ್ಲ. ಹಳಿಗಳ ದಕ್ಷಿಣಕ್ಕೂ ಉತ್ತರಕ್ಕೂ ಕಟ್ಟಡ, ಎರಡನ್ನೂ ಮೇಲಿನಿಂದ ಕೂಡಿಸುವ ವಿಶಾಲ ಕಾನ್ಕೋರ್ಸ್. ಇದು ನಿಜಕ್ಕೂ ಒಳ್ಳೆಯ ಯೋಚನೆ, ಮೆಚ್ಚಲೇಬೇಕು. ನನ್ನ ಆತಂಕ ಆ ವಿಶಾಲ ಜಾಗದ ಒಳಗೆ ಏನು ಬರುತ್ತದೆ ಎಂಬುದು. ವಿಮಾನ ನಿಲ್ದಾಣದ ಮಾದರಿಯಲ್ಲಿ ಸಾಲು ಸಾಲು ಉಕ್ಕಿನ ಕುರ್ಚಿ, ಸುತ್ತ ಅಂಗಡಿ, ಮೂಲೆಯಲ್ಲಿ ಹಣ ಕೊಟ್ಟು ಕೂರುವ ಏಸಿ ಲಾಂಜ್ ಬಂದರೆ ಓಣಿಯ ಗುಂಪು ಮತ್ತೆ ಬಾಗಿಲಾಚೆ ಚಾಪೆ ಹಾಸುತ್ತದೆ. ಯಾತ್ರಿಕರು ಕುರ್ಚಿಯಲ್ಲಿ ಬಿಡಿಬಿಡಿಯಾಗಿ ಕೂರುವವರಲ್ಲ. ದುಂಡಗೆ ನೆಲದ ಮೇಲೆ ಕೂತು ಬುತ್ತಿ ಬಿಚ್ಚುವವರು, ಮಗುವನ್ನು ಕಾಲ ಮೇಲೆ ಮಲಗಿಸುವವರು, ನಡುವೆ ಗಂಟುಗಳನ್ನಿಟ್ಟು ಸುತ್ತ ಮಲಗುವವರು.

ಅದಕ್ಕೆ ತಕ್ಕ ಕಟ್ಟಡ ಯಾವುದೆಂದು ಈ ನಾಡಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ದೇವಾಲಯ ವಾಸ್ತುವಿನಿಂದ ಏನನ್ನಾದರೂ ತರಲೇಬೇಕೆಂದಿದ್ದರೆ ಗೋಪುರ ಬೇಡ, ಮಂಟಪ ತನ್ನಿ. ಗೋಪುರ ದೂರದಿಂದ ನೋಡಲಿಕ್ಕೆ, ಮಂಟಪ ಕೂರಲಿಕ್ಕೆ. ಎತ್ತರದ ಚಾವಣಿ, ನಾಲ್ಕೂ ಕಡೆ ಗಾಳಿ, ತಂಪು ಕಲ್ಲಿನ ನೆಲ, ಸುತ್ತ ಜಗಲಿ. ಟಿಕೆಟಿನ ದರ್ಜೆ ಕೇಳದ ಜಾಗ ಅದು. ತಿರುಮಲದಲ್ಲಿ ದೇವಸ್ಥಾನದ ಎದುರಿಗಿದ್ದ ಸಾವಿರ ಕಂಬದ ಮಂಟಪವನ್ನು 2003ರಲ್ಲಿ ಕೆಡವಿದರು. ಆ ನೋವು ಇನ್ನೂ ಅನೇಕರಲ್ಲಿದೆ. ಬೆಟ್ಟದ ಮೇಲೆ ಕಳೆದುಕೊಂಡದ್ದನ್ನು ಬೆಟ್ಟದ ಕೆಳಗೆ, ಫ್ಯಾನು, ಕುಡಿಯುವ ನೀರು, ಮೊಬೈಲ್ ಚಾರ್ಜಿಂಗ್ ಸಮೇತ ಮತ್ತೆ ಕಟ್ಟಿಕೊಡಲು ರೈಲ್ವೆಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು. ಪಕ್ಕದಲ್ಲೇ ಹೆಂಗಸರಿಗೆ ಬಾಗಿಲು ಭದ್ರವಾಗಿರುವ ಸ್ನಾನಗೃಹ ಬೇಕು, ಒದ್ದೆ ಸೀರೆ ಒಣಹಾಕಲು ಹಗ್ಗ ಕಟ್ಟಿದ ಅಂಗಳ ಬೇಕು. ಇದನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಸ್ನಾನ ಮಾಡದೆ ದರ್ಶನಕ್ಕೆ ಹೋಗದ ಜನ ಬರುವ ಊರಿನಲ್ಲಿ ಇದು ಟಿಕೆಟ್ ಕೌಂಟರಿನಷ್ಟೇ ಮುಖ್ಯ.

ಕಟ್ಟಡ ಎಷ್ಟೇ ಚೆನ್ನಾಗಿರಲಿ, ಹಳಿ ಸಾಲದಿದ್ದರೆ ರೈಲು ಹೊರಗೇ ನಿಲ್ಲುತ್ತದೆ. ಬೆಂಗಳೂರು ಕಡೆಯಿಂದ ಹೋಗುವವರಿಗೆ ಕಾಟ್ಪಾಡಿ ದಾಟಿದ ಮೇಲಿನ ಒಂಟಿ ಹಳಿಯ ಪಾಡು ಚೆನ್ನಾಗಿ ಗೊತ್ತು. ತಿರುಪತಿ–ಪಾಕಾಲ–ಕಾಟ್ಪಾಡಿ ನಡುವಿನ 104 ಕಿ.ಮೀ. ಜೋಡಿಹಳಿಗೆ 1,332 ಕೋಟಿ ರೂಪಾಯಿ ವೆಚ್ಚದ ಯೋಜನೆಯನ್ನು ಕೇಂದ್ರ ಸಂಪುಟ 2025ರ ಏಪ್ರಿಲ್‌ನಲ್ಲಿ ಒಪ್ಪಿತು. ನಿಲ್ದಾಣದ ಹೊಳಪಿಗಿಂತ ಇದು ದೊಡ್ಡ ಸುದ್ದಿ. ಇದಕ್ಕೆ ಸಿಕ್ಕ ಪ್ರಚಾರ ತೀರಾ ಕಡಿಮೆಯಾಯಿತು.

ಯಾತ್ರಿಕರಿಗೆ ತಕ್ಕ ನಿಲ್ದಾಣ ಎಂಬುದು ತಿರುಪತಿಯೊಂದರ ಮಾತಲ್ಲ. ಅಮೃತ ಭಾರತ ಯೋಜನೆಯಲ್ಲಿ 2025ರ ಮೇ 22ರಂದು ಒಂದೇ ದಿನ ಉದ್ಘಾಟನೆಯಾದ 103 ನಿಲ್ದಾಣಗಳಲ್ಲಿ ನಮ್ಮ ಮುನಿರಾಬಾದ್ ಕೂಡ ಒಂದು. ಹುಲಿಗೆಮ್ಮನ ಭಕ್ತರು ಇಳಿಯುವ ನಿಲ್ದಾಣ ಅದು. ಅದರ ನವೀಕರಣ ಎಷ್ಟರಮಟ್ಟಿಗೆ ಗೆದ್ದಿದೆ ಎಂಬುದನ್ನು ಹುಣ್ಣಿಮೆಯ ದಿನ, ಜನ ಕಿಕ್ಕಿರಿದಾಗ ಹೋಗಿ ಅಳೆಯಬೇಕು. ಉದ್ಘಾಟನೆಯ ಫೋಟೊ ಅದನ್ನು ಹೇಳುವುದಿಲ್ಲ.

ಕೊನೆಗೆ ನಮ್ಮ ಸಂಸದರಲ್ಲಿ ಒಂದು ಕೋರಿಕೆ. ನಿಲ್ದಾಣಗಳಲ್ಲಿ ಆಯಾ ರಾಜ್ಯದ ಭಾಷೆ, ಹಿಂದಿ, ಇಂಗ್ಲಿಷ್ ಬಳಸುವುದು ರೈಲ್ವೆಯ ವಾಡಿಕೆ. ಯಾತ್ರಾಸ್ಥಳದಲ್ಲಿ ಈ ವಾಡಿಕೆ ಸಾಲದು. ಹೊಸ ತಿರುಪತಿ ನಿಲ್ದಾಣದ ಫಲಕಗಳಲ್ಲೂ ಧ್ವನಿವರ್ಧಕದಲ್ಲೂ ತೆಲುಗಿನ ಜೊತೆ ಕನ್ನಡ, ತಮಿಳು ಇರಲೇಬೇಕು ಎಂದು ಲೋಕಸಭೆಯಲ್ಲಿ ಕೇಳಿ. ಪ್ಲಾಟ್‌ಫಾರಂ ಬದಲಾದದ್ದು ಅರ್ಥವಾಗದೆ ಓಡುವ ಗುಂಪೇ ನೂಕುನುಗ್ಗಲಿಗೆ ಮೊದಲು ಸಿಕ್ಕುತ್ತದೆ. ಓದುಗರೇ, ನೀವೂ ಮುಂದಿನ ಸಲ ಹೋದಾಗ ಮೆಟ್ಟಿಲು, ನೀರು, ಶೌಚಾಲಯ, ಕೂರುವ ಜಾಗ ಹೇಗಿದೆ ಎಂದು ಕಂಡದ್ದನ್ನು ಕಂಡ ಹಾಗೆ ಬರೆದು ರೈಲ್ವೆಗೆ ಕಳಿಸಿ. ಕೆಲಸ ನಡೆಯುತ್ತಿರುವಾಗ ಹೇಳಿದರೆ ನಕ್ಷೆ ತಿದ್ದಬಹುದು, ಕಾಂಕ್ರೀಟ್ ಕೂತ ಮೇಲೆ ಯಾರಿಂದಲೂ ಆಗದು.