ಮೀನಿನ ಹೊಟ್ಟೆಯಲ್ಲಿ ಅತ್ತಿ ಬೀಜ

ಹೋದ ಭಾನುವಾರ ನಮ್ಮಣ್ಣನ ಮಗ ಕೆರೆಯಿಂದ ಎರಡು ಗೆಂಡೆ ಹಿಡ್ಕೊಂಡು ಬಂದ. ಗಾಳಕ್ಕೆ ಏನ್ ಹಾಕಿದ್ಯೋ ಅಂದ್ರೆ "ಅತ್ತಿಹಣ್ಣು ಚಿಕ್ಕಪ್ಪ" ಅಂದ. ನಾನು ನಂಬಲಿಲ್ಲ. ಎರೆಹುಳ ಗೊತ್ತು, ಮುದ್ದೆ ಚೂರು ಗೊತ್ತು, ಮೈದಾ ಹಿಟ್ಟು ಗೊತ್ತು. ಹಿತ್ತಲಲ್ಲಿ ಕುಯ್ದು ನೋಡಿದ್ರೆ ಕರುಳ ತುಂಬ ಸಾಸಿವೆಗಿಂತ ಸಣ್ಣ ಬೀಜ. ಹಳ್ಳ ಬಂದು ಕೆರೆ ಸೇರೋ ಕಡೆ ಒಂದು ಹಳೇ ಅತ್ತಿಮರ ಇದೆ, ಅರ್ಧ ಕೊಂಬೆ ನೀರಿನ ಮೇಲೇ ಚಾಚಿದೆ. ಅದರ ಕೆಳಗೇ ಕೂತಿದ್ನಂತೆ.

ಗಾಳ ಹಾಕೋರಿಗೆ ಇದು ಹೊಸದೇನಲ್ಲ. ಮಂಗಳೂರು ಕಡೆ ಕೆಲಸ ಮಾಡಿದ್ದ ಎಚ್.ಎಸ್. ಥಾಮಸ್ ಅನ್ನೋ ಬ್ರಿಟಿಷ್ ಅಧಿಕಾರಿ 1873ರಲ್ಲೇ 'ದಿ ರಾಡ್ ಇನ್ ಇಂಡಿಯಾ' ಅಂತ ಪುಸ್ತಕ ಬರೆದ. ಮಹಶೀರ್ ಅಂತಾರಲ್ಲ, ನಮ್ಮ ಬಿಳಿಮೀನು, ಅದರ ಹೊಟ್ಟೆ ಕುಯ್ದಾಗ ಧೂಪದ ಮರದ ಬೀಜ, ಬಿದಿರಕ್ಕಿ, ಗದ್ದೆಯಿಂದ ಬಂದ ಭತ್ತ, ಏಡಿ, ಮಿಡತೆ ಎಲ್ಲ ಸಿಕ್ಕಿದ್ದನ್ನ ಪಟ್ಟಿ ಮಾಡಿದ್ದಾನೆ. ಈ ಮೀನಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಏಡಿ ಚಿಪ್ಪೂ ಅಲ್ಲೇ ಪುಡಿ. ಭೀಮೇಶ್ವರಿಗೆ ವಿದೇಶದಿಂದ ಬಂದ ಗಾಳದವರೂ ಕೊನೆಗೆ ನಂಬಿಕೊಂಡದ್ದು ಬೇಯಿಸಿದ ರಾಗಿ ಉಂಡೆಯನ್ನೇ. ರಾಮನಾಥಪುರದ ಮೀನುಗಳಿಗೆ ನಾವೇ ಪುರಿ ಎರಚಿ ಬಂದಿಲ್ವಾ!

1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದವರೊಬ್ಬರು ನಮ್ಮ ಕಪಿಲೆಯಲ್ಲೇ, ಅಂದ್ರೆ ಕಬಿನಿಯಲ್ಲಿ, 120 ಪೌಂಡಿನ ಮಹಶೀರ್ ಹಿಡಿದ್ರು. ಹತ್ತಿರ ಹತ್ತಿರ 54 ಕೆ.ಜಿ. ಕಾವೇರಿ ಸೀಮೆಯ ಆ ಡುಬ್ಬದ ಮಹಶೀರ್ ಈಗ ಅಳಿವಿನ ಅಂಚಿನ ಪಟ್ಟಿಯಲ್ಲಿದೆ. ಕಟ್ಟೆ, ಮರಳು, ಸಿಡಿಮದ್ದು, ಕಾರಣ ಬೇಕಾದಷ್ಟಿವೆ. ನಾನು ಹೇಳೋಕೆ ಹೊರಟಿರೋದು ಯಾರೂ ಲೆಕ್ಕಕ್ಕೆ ಹಿಡಿಯದ ಒಂದನ್ನ: ದಡದ ಮರ. ಮೀನಿನ ಊಟ ಅರ್ಧ ನೀರಲ್ಲಿ ಹುಟ್ಟುತ್ತೆ, ಇನ್ನರ್ಧ ಮೇಲಿಂದ ಬೀಳುತ್ತೆ. ಅತ್ತಿ, ನೇರಳೆ, ಎಲೆ ಮೇಲಿನ ಹುಳ. ಅತ್ತಿಹಣ್ಣು ಬಿಚ್ಚಿದ್ರೆ ಬರೀ ಹುಳ ಅಂತ ನಾವು ಬಿಸಾಕ್ತೀವಿ, ಮೀನಿಗೆ ಅದು ಬಾಡೂಟ.

ಇದನ್ನ ಬರೆಯೋಕೆ ನನಗೆ ಯೋಗ್ಯತೆ ಇದೆಯಾ ಅಂತ ಕೇಳಿದ್ರೆ, ಇಲ್ಲ. ಹಳ್ಳದ ಬದುವಿನಲ್ಲಿದ್ದ ಮೂರು ಮರ, ಎರಡು ಹೊಂಗೆ ಒಂದು ನೇರಳೆ, ನಾನೇ ಕಡಿಸಿ ಹೊಗೆಸೊಪ್ಪಿನ ಬ್ಯಾರನ್ನಿಗೆ ಹಾಕಿದೀನಿ. ಒಂದೇ ಸೀಸನ್ನಿಗೆ ಬೂದಿ ಆಯ್ತು. ಅಲ್ಲಿ ಮೊದಲು ಹುಡುಗರು ಪಕ್ಕೆ ಹಿಡೀತಿದ್ರು, ಈಗ ಆ ಕಡೆ ಯಾರೂ ಹೋಗಲ್ಲ.

ಈಗ ವಿಷಯ. ಕೆರೆ ಕಾಮಗಾರಿಯವರು ಅತ್ತಿಮರಕ್ಕೆ ಕೆಂಪು ಬಣ್ಣ ಹೊಡೆದು ಹೋಗಿದ್ದಾರೆ. ಏರಿ ಮೇಲೆ ಮರ ಬೇಡ ಅನ್ನೋದು ಸರಿ, ಬೇರು ಸತ್ತ ಜಾಗದಲ್ಲಿ ನೀರು ಜಿನುಗುತ್ತೆ, ಒಪ್ತೀನಿ. ಆದರೆ ಇದು ಏರಿ ಮೇಲಿಲ್ಲ, ಹಳ್ಳದ ಬಾಯಲ್ಲಿದೆ. ಜೆಸಿಬಿ ತಿರುಗಿಸೋಕೆ ಅಡ್ಡ, ಅಷ್ಟೇ. ಒಂದು ಕಡೆ ಮರಿ ಬಿಟ್ಟು ತೌಡು, ಹಿಂಡಿ ಕೊಂಡು ಸುರಿಯೋದು, ಇನ್ನೊಂದು ಕಡೆ ಪುಕ್ಕಟೆ ಉಣ್ಣಿಸೋ ಮರ ಕಡಿಯೋದು. ಇದು ಯಾವ ಲೆಕ್ಕ ಸ್ವಾಮಿ?

ಶುಕ್ರವಾರ ಊರ ಸಭೆ ಇದೆ. ಬಾಯಿಮಾತಿಗೆ ಬೆಲೆ ಕಮ್ಮಿ. ನಮ್ಮ ಹೋಬಳಿಯಲ್ಲಿ ಗಾಳ ಹಾಕೋರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಮ್ಮ ಮೀನಿನ ಹೊಟ್ಟೆಯಲ್ಲಿ ಏನೇನು ಸಿಕ್ಕಿತ್ತು, ಯಾವ ಮರದ ಕೆಳಗೆ ಅಂತ ಬರೀರಿ. ಫೋಟೋ ಇದ್ರೆ ಇನ್ನೂ ಒಳ್ಳೇದು. ಪ್ರಿಂಟ್ ತೆಗೆಸ್ಕೊಂಡು ಹೋಗ್ತೀನಿ.