ಧರ್ಮ ಬಿಟ್ಟವನಿಗೆ ದಂಡ ಯಾಕೆ?

ಗುಡಿಯೊಳಗೆ ಕಾಲಿಡಬೇಡ ಅಂದವರೇ, ನಿಮ್ಮ ಗುಡಿಯ ಸಹವಾಸವೇ ಬೇಡ ಅಂತ ನಾವು ಹೊರಟರೆ ಕಾಲು ಹಿಡೀತಾರೆ. ಬಗ್ಗದಿದ್ದರೆ ಕಾಲು ಮುರೀತಾರೆ. ಒಳಗಿದ್ದಾಗ ಲೆಕ್ಕಕ್ಕಿಲ್ಲದವನು ಹೊರಗೆ ಹೋದ ದಿನ ಇದ್ದಕ್ಕಿದ್ದಂತೆ ‘ನಮ್ಮವನು’ ಆಗಿಬಿಡ್ತಾನೆ. ಇದು ಯಾವ ಸೀಮೆ ಪ್ರೀತಿ?

ಈ ಹೊರಡುವ ಮಾತು ಕೋಲಾರದ ಚಿನ್ನದ ಗಣಿಗೆ ಹೊಸದಲ್ಲ. ಅಯೋತ್ತಿದಾಸ ಪಂಡಿತರು 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘ ಕಟ್ಟಿದರು. ಬಂಗಾರಪೇಟೆ ದಾಟಿ ಗಣಿಗಿಳಿಯಲು ಬಂದಿದ್ದ ತಮಿಳು ಆದಿದ್ರಾವಿಡ ಕೂಲಿಗಳು ಇಲ್ಲೂ ಬುದ್ಧನ ಸಂಘ ಕಟ್ಟಿದರು. 1956ರಲ್ಲಿ ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧರಾಗುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಇದು.

ಬಿಟ್ಟು ಹೋದವನ ಪಾಡು ಏನಾಗುತ್ತೆ ಅನ್ನೋದಕ್ಕೂ ನಮ್ಮ ಊರಿನದೇ ಮೊಕದ್ದಮೆ ಇದೆ. ಎಸ್. ರಾಜಗೋಪಾಲ್ ಹುಟ್ಟಿನಿಂದ ಆದಿದ್ರಾವಿಡರು. 1949ರಲ್ಲಿ ಕ್ರೈಸ್ತರಾದರು. 1967ರಲ್ಲಿ ಕೆ.ಜಿ.ಎಫ್. ಮೀಸಲು ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದರು. ಎದುರಾಳಿ ಸಿ.ಎಂ. ಆರುಮುಗಂ ಕೋರ್ಟಿಗೆ ಹೋದರು. ಹಿಂದೂ ಧರ್ಮಕ್ಕೆ ಮರಳಿದ್ದೇನೆ ಅಂದರು ರಾಜಗೋಪಾಲ್. ಸುಪ್ರೀಂ ಕೋರ್ಟು ಧರ್ಮದ ಮಾತು ಒಪ್ಪಿತು, ಜಾತಿ ಮರಳಿದ್ದಕ್ಕೆ ಪುರಾವೆ ಇಲ್ಲ ಅಂದಿತು. ಗೆದ್ದ ಸೀಟು ಹೋಯಿತು.

1972ರಲ್ಲಿ ಮತ್ತೆ ಗೆದ್ದರು. ಮತ್ತೆ ಮೊಕದ್ದಮೆ. ಈ ಸಲ, 1975ರ ಡಿಸೆಂಬರಿನಲ್ಲಿ, ಜಾತಿಯವರು ಒಪ್ಪಿಕೊಂಡರೆ ಜಾತಿ ಮರಳುತ್ತೆ ಅಂತ ತೀರ್ಪಾಯಿತು. ಒಪ್ಪಿಕೊಂಡದ್ದಕ್ಕೆ ಸಾಕ್ಷಿ ಏನು? ಅಪ್ಪನ ಅಂತ್ಯಕ್ರಿಯೆ ಯಾವ ರೀತಿ ಆಯಿತು, ಮಕ್ಕಳ ಸ್ಕೂಲಿನಲ್ಲಿ ಯಾವ ಜಾತಿ ಬರೆಸಿದರು, ಇಂಥವು! ನೋಡಿ, ಧರ್ಮಕ್ಕೆ ಬಾಯಿಮಾತು ಸಾಕು, ಜಾತಿಗೆ ಸಾಕ್ಷಿ ಬೇಕು.

ಇದರ ಬೇರು 1950ರ ರಾಷ್ಟ್ರಪತಿಗಳ ಆದೇಶದಲ್ಲಿದೆ. ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂತು ಅದು. 1956ರಲ್ಲಿ ಸಿಖ್ಖರನ್ನು ಸೇರಿಸಿದರು. ಬೌದ್ಧರಿಗೆ 1990ರವರೆಗೆ ಕಾಯಿಸಿದರು. ಚರ್ಚಿಗೆ, ಮಸೀದಿಗೆ ಹೋದವರು ಇನ್ನೂ ಹೊರಗೇ. ಅಲ್ಲಿ ಜಾತಿ ಇಲ್ಲವಂತೆ! ಹಾಗಾದರೆ ತಿರುಚ್ಚಿಯ ಮೇಲಪುದೂರಿನ ಕ್ರೈಸ್ತ ಸ್ಮಶಾನದಲ್ಲಿ ದಲಿತರ ಹೆಣ ಬೇರೆ ಮಾಡಲು ಗೋಡೆ ಎಬ್ಬಿಸಿದವರು ಯಾರು? ಬಿಟ್ಟು ಬಂದ ಮನೆ ಬೈಯುತ್ತೆ, ಸೇರಿದ ಮನೆ ಜಗಲಿ ಮೇಲೇ ಕೂರಿಸುತ್ತೆ, ಸರ್ಕಾರ ಸರ್ಟಿಫಿಕೇಟು ಕಿತ್ತುಕೊಳ್ಳುತ್ತೆ.

2022ರ ಕರ್ನಾಟಕ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮತ ಬದಲಿಸುವವನು ಮೂವತ್ತು ದಿನ ಮುಂಚೆ ಜಿಲ್ಲಾಧಿಕಾರಿಗೆ ಬರೆದುಕೊಡಬೇಕು. ಅದನ್ನು ನೋಟಿಸ್ ಬೋರ್ಡಿಗೆ ಹಾಕಿ ತಕರಾರು ಕೇಳಬೇಕು. ಆದರೆ ಹಿಂದಿನ ಧರ್ಮಕ್ಕೆ ವಾಪಸ್ ಹೋದರೆ ಅದು ಮತಾಂತರವೇ ಅಲ್ಲ! ಹೋಗುವವನಿಗೆ ನೋಟಿಸು, ಬರುವವನಿಗೆ ಹಾರ. ಕಾಯ್ದೆ ರದ್ದು ಮಾಡುತ್ತೇವೆ ಅಂತ 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿತು. ಆದರೆ ತಕರಾರು ಕೇಳುವ ಆ ಬುದ್ಧಿ ಕಾಯ್ದೆಯಲ್ಲಿ ಮಾತ್ರ ಇಲ್ಲ, ನಮ್ಮ ಕೇರಿಯಲ್ಲೂ ಇದೆ. ಚರ್ಚಿಗೆ ಹೋದ ಅಣ್ಣನನ್ನು ಮದುವೆಗೆ ಕರೆಯದ ಮನೆಗಳಿವೆ. ಅವನು ಚರ್ಚು ಬಿಟ್ಟರೆ ಚರ್ಚಿನವರೂ ಮಾತು ಬಿಡ್ತಾರೆ.

ಹಾಸ್ಟೆಲಿನ ಗೆಳೆಯರೆ, ಪಕ್ಕದ ಹಾಸಿಗೆಯವನು ಬುದ್ಧನಿಗೆ ಕೈ ಮುಗಿಯಲಿ, ಯೇಸುವಿಗೆ ಮುಗಿಯಲಿ, ಯಾರಿಗೂ ಮುಗಿಯದಿರಲಿ. ಲೆಕ್ಕ ಕೇಳಬೇಡಿ. ಕೇಳಬೇಕಾದದ್ದು ಸರ್ಕಾರವನ್ನು: ಜಾತಿ ಅವನನ್ನು ಬಿಡದೆ ಇರುವಾಗ, ಮೀಸಲಾತಿ ಮಾತ್ರ ಅವನನ್ನು ಬಿಡುವುದು ಯಾವ ನ್ಯಾಯ?